ನೀರಿನ ಪಾಠ ಯಾರದ್ದು

ಕಿರುಪರೀಕ್ಷೆಯ ಕೊನೆಯ ಪ್ರಶ್ನೆಗೆ ಇಡೀ ತರಗತಿ ಖಾಲಿ ಜಾಗ ಬಿಟ್ಟಿತ್ತು. ‘ಜೀವಿಗಳಿಗೆ ನೀರು ಇಷ್ಟೊಂದು ಉಪಕಾರಿಯಾಗಲು ಅದರ ಯಾವ ಗುಣ ಕಾರಣ?’ ಸುಳ್ಯದ ಆ ಪಿಯು ಕಾಲೇಜಿನ ಪ್ರಿನ್ಸಿಪಾಲ್ ಪದ್ಮಯ್ಯನವರು ಕೆಮಿಸ್ಟ್ರಿಯ ಫರ್ಝಾನಾಳನ್ನೂ ಬಯಾಲಜಿಯ ಫಾಝಿಲ್‌ನನ್ನೂ ಒಟ್ಟಿಗೇ ಕರೆಸಿದರು.

“ಹೈಡ್ರೋಜನ್ ಬಂಧ ಕೆಮಿಸ್ಟ್ರಿಯಲ್ವಾ ಸರ್? ಮೇಡಂ ಮಾಡಿರ್ತಾರೆ ಅಂತ ಬಿಟ್ಟೆ,” ಎಂದ ಫಾಝಿಲ್.

“ಜೀವಿಗಳು ಅಂದ್ಮೇಲೆ ಬಯಾಲಜಿ. ಅವರು ಮಾಡಿರ್ತಾರೆ ಅಂತ ನಾನು ಬಿಟ್ಟೆ,” ಎಂದಳು ಫರ್ಝಾನಾ.

“ನೀವು ಹೀಗೆ ಒಬ್ಬರ ಮುಖ ಒಬ್ಬರು ನೋಡ್ತಾ ಕೂತ್ರೆ ಮಕ್ಕಳ ಗತಿ ಎಂತ ಮಾರಾಯ್ರೆ? ಇವತ್ತು ಒಟ್ಟಿಗೆ ಪಾಠ ಮಾಡಿ.”

ಮುಖ ನೋಡುವ ವಿಷಯದಲ್ಲಿ ಪದ್ಮಯ್ಯನವರಿಗೆ ಗೊತ್ತಿಲ್ಲದ್ದು ಬಹಳ ಇತ್ತು. ಸ್ಟಾಫ್ ರೂಮಿನಲ್ಲಿ ಅವಳು ತಲೆ ಎತ್ತಿದರೆ ಅವನು ಪುಸ್ತಕಕ್ಕೆ ಮುಖ ಹಾಕುತ್ತಿದ್ದ. ಅವನು ಎತ್ತಿದರೆ ಅವಳು ಶಾಲು ಸರಿಪಡಿಸಿಕೊಳ್ಳುತ್ತಿದ್ದಳು. ಮನೆಭಾಷೆ ಇಬ್ಬರದೂ ಬ್ಯಾರಿ. ಆದರೂ ಕಾಲೇಜಿನಲ್ಲಿ ಕನ್ನಡವೇ, ಬ್ಯಾರಿಯಲ್ಲಿ ಮಾತಾಡಿದರೆ ಸಲುಗೆ ಬಂದುಬಿಡುತ್ತದೆಂಬ ಹೆದರಿಕೆ.

ಭಾನುವಾರ ಅವಳನ್ನು ನೋಡಲು ಪುತ್ತೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಫಾಝಿಲ್‌ಗೆ ಅದು ಗೊತ್ತು. ಗೊತ್ತಿದ್ದೂ ತುಟಿ ಬಿಚ್ಚಿರಲಿಲ್ಲ. ಇವತ್ತು ಇತ್ಯರ್ಥವಾಗಲೇಬೇಕು ಎಂದುಕೊಂಡು ಫರ್ಝಾನಾ ತರಗತಿಗೆ ಹೋಗಿ ಸೀಮೆಸುಣ್ಣ ತೆಗೆದುಕೊಂಡಳು.

“ನೀರಿನ ಅಣುವಿನೊಳಗೆ ಆಕ್ಸಿಜನ್, ಹೈಡ್ರೋಜನ್ ಎಲೆಕ್ಟ್ರಾನ್‌ಗಳನ್ನು ಹಂಚ್ಕೊಂಡಿವೆ, ಆದ್ರೆ ಸಮಪಾಲಲ್ಲ. ಆಕ್ಸಿಜನ್ ತನ್ನ ಕಡೆಗೆ ಸ್ವಲ್ಪ ಹೆಚ್ಚು ಎಳೀತದೆ. ಹಾಗಾಗಿ ಅದಕ್ಕೆ ಕೊಂಚ ಋಣ ಆವೇಶ, ಹೈಡ್ರೋಜನ್‌ಗೆ ಕೊಂಚ ಧನ. ಈ ಹೈಡ್ರೋಜನ್‌ಗೆ ಪಕ್ಕದ ಅಣುವಿನ ಆಕ್ಸಿಜನ್ ಮೇಲೆ ಸೆಳೆತ. ಅದೇ ಹೈಡ್ರೋಜನ್ ಬಂಧ.”

ಫಾಝಿಲ್ ಕೆಂಪು ಶಾಯಿಯ ನೀರಿನಲ್ಲಿ ನಿಲ್ಲಿಸಿದ್ದ ಬಿಳಿ ಹೂವಿನ ಕರ್ಣಕುಂಡಲದ ಗಿಡವನ್ನು ಎತ್ತಿ ತೋರಿಸಿದ. ದಂಟಿನೊಳಗೆ ಕೆಂಪು ಗೆರೆಗಳು ಎಲೆಯವರೆಗೂ ಹತ್ತಿದ್ದವು.

“ಎಲೆಯಿಂದ ನೀರು ಆವಿಯಾಗಿ ಹೋದ ಹಾಗೆ ಹಿಂದಿನದ್ದನ್ನು ಎಳ್ಕೊಂಡು ಬರ್ತದೆ. ಒಂದನ್ನೊಂದು ಹಿಡ್ಕೊಂಡಿರುದ್ರಿಂದ ದೊಡ್ಡ ದೊಡ್ಡ ಮರಕ್ಕೂ ನೀರು ಹತ್ತುದು. ಬೆವರಿದ್ರೆ ನಮ್ಮ ಮೈ ತಣಿಯುದೂ ಇದರಿಂದಲೇ. ಆ ಹಿಡಿತ ಬಿಡಿಸ್ಲಿಕ್ಕೆ ಶಾಖ ಬೇಕು, ಅದನ್ನು ಮೈಯಿಂದಲೇ ತಗೊಳ್ತದೆ.”

“ಅಷ್ಟು ಗಟ್ಟಿಯಾ ಸರ್ ಆ ಬಂಧ?” ಮುಂದಿನ ಬೆಂಚಿನ ಸುಪ್ರಿತಾ ಕೇಳಿದಳು.

“ಒಂದೊಂದೇ ನೋಡಿದ್ರೆ ದುರ್ಬಲ. ಒಟ್ಟಿಗಿದ್ದಾಗ ಬಲ. ಕ್ಷಣಕ್ಷಣಕ್ಕೂ ಬಿಡ್ತದೆ, ಬಿಟ್ಟ ಕೂಡಲೇ ಪಕ್ಕದ್ದನ್ನು ಹಿಡೀತದೆ.” ಹೇಳುತ್ತಾ ಅವನು ಫರ್ಝಾನಾಳತ್ತ ನೋಡಿ ನಕ್ಕ.

ಅವಳು ನಗಲಿಲ್ಲ. ಮಕ್ಕಳು ಹೊರಗೆ ಹೋಗುವವರೆಗೆ ಕಾದು, ಬಾಗಿಲ ಬಳಿಯೇ ಅವನನ್ನು ತಡೆದಳು.

“ಬಿಟ್ಟ ಕೂಡಲೇ ಪಕ್ಕದ್ದನ್ನು ಹಿಡಿಯುದು ನೀರಿಗೆ ಸರಿ ಸರ್. ನನ್ನಿಂದ ಆಗುದಿಲ್ಲ. ಭಾನುವಾರದ ಮೊದಲು ನಿಮಗೆ ಹೇಳ್ಲಿಕ್ಕೆ ಎಂತಾದ್ರೂ ಉಂಟಾ?”

ಫಾಝಿಲ್ ಗಿಡವನ್ನು ಹತ್ತಿರದ ಬೆಂಚಿನ ಮೇಲಿಟ್ಟ. “ನೀವು ಮನೆಯಲ್ಲಿ ಆ ಸಂಬಂಧ ಬೇಡ ಅಂತ ಹೇಳಿದ್ರೆ, ಆಮೇಲೆ ನಮ್ಮ ಉಮ್ಮನನ್ನು ಹೆಣ್ಣು ಕೇಳ್ಲಿಕ್ಕೆ ಕಳಿಸುವ ಅಂತ ಕಾಯ್ತಿದ್ದೆ.”

“ನಿಮ್ಮ ಉಮ್ಮ ಬಂದ್ರೆ, ಆಮೇಲೆ ಬೇಡ ಅಂತ ಹೇಳುವ ಅಂತ ನಾನು ಕಾಯ್ತಿದ್ದೆ.”

ಅವನಿಗೆ ನಗು ಬಂತು. ಅವಳ ಕಣ್ಣು ತುಂಬಿದ್ದು ಕಂಡು ನಗು ಅಲ್ಲೇ ನಿಂತಿತು.

“ನನಗೆ ನೀವು ಇಷ್ಟ,” ಎಂದ. “ಮೊದಲೇ ಹೇಳ್ಬೇಕಿತ್ತು. ತುಂಬಾ ಇಷ್ಟ.”

ಅಷ್ಟು ಸಾಕಿತ್ತು. ಫರ್ಝಾನಾ ಜಾಲ್ಸೂರಿನ ತನ್ನ ಮನೆಗೆ ಫೋನ್ ಮಾಡಿ, ಅವನೆದುರೇ ಅಚ್ಚ ಬ್ಯಾರಿಯಲ್ಲಿ ಹೇಳಿದಳು:

“ಉಮ್ಮ, ಪುತ್ತೂರಿನವರಿಗೆ ಬರುದು ಬೇಡ ಅಂತ ಹೇಳಿ. ನಮ್ಮ ಕಾಲೇಜಿನ ಫಾಝಿಲ್ ಸರ್ ನನಗೆ ಇಷ್ಟ. ಬೇರೆ ಯಾರ ಎದುರೂ ನಾನು ಕೂರುದಿಲ್ಲ.”

“ಆ ಹುಡುಗ ಅಲ್ಲೇ ಇದ್ದಾನಾ?” ಆಚೆಯಿಂದ ತಾಯಿ ಜೈನಬಮ್ಮ ಕೇಳಿದರು. “ಇದ್ದಾರೆ,” ಎಂದಳು ಫರ್ಝಾನಾ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಯೋಚನೆ ಅವಳಿಗಿರಲಿಲ್ಲ.

“ಇದನ್ನು ಹೇಳ್ಲಿಕ್ಕೆ ಆ ಹುಡುಗನಿಗೆ ಬಾಯಿ ಇಲ್ವಾ? ಫೋನ್ ಕೊಡು ಅವನಿಗೆ.”

ಫಾಝಿಲ್ ಫೋನ್ ಹಿಡಿದು ಸಲಾಂ ಹೇಳಿದ. “ಇವತ್ತು ಸಂಜೆ ನಮ್ಮ ಉಮ್ಮನನ್ನು ಕರ್ಕೊಂಡು ನಿಮ್ಮಲ್ಲಿಗೆ ಬರ್ಬಹುದಾ?”

“ಮನೆ ಎಲ್ಲಿ?”

“ಕಡಬ.”

“ಅಲ್ಲಿಂದ ಬಂದು ಮುಟ್ಟುವಾಗ ಹೊತ್ತಾಗ್ತದೆ,” ಎಂದರು ಜೈನಬಮ್ಮ. “ರಾತ್ರಿ ಊಟಕ್ಕೇ ಬನ್ನಿ.”