ದಾಸರಹಳ್ಳಿವರೆಗೆ

"ನಿಮ್ ಜೋಡಿ ನಾನೂ ಬರ್ಲೇನ್ರಿ?"

ಗಾರ್ಮೆಂಟ್ಸ್ ಗೇಟಿನ ಮುಂದೆ ಮೆಕ್ಯಾನಿಕ್ ಈಶಪ್ಪ ಹೀಗೆ ಕೇಳಿದಾಗ ಕೃಪಾಳ ಮೈ ಉರಿದುಹೋಯಿತು. ಅವನು ಕೆಲಸಕ್ಕೆ ಸೇರಿ ಇನ್ನೂ ವಾರವೂ ಆಗಿರಲಿಲ್ಲ.

"ಯಾರಿಗ್ರೀ ಯಾರು ಜೋಡಿ? ಮೆಷಿನ್ ರಿಪೇರಿಗೆ ಬಂದ್ರೋ, ಹೆಣ್ಣು ನೋಡೋಕೆ ಬಂದ್ರೋ?"

ಈಶಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಹಿಂದೆ ಬರುತ್ತಿದ್ದ ಟೈಲರ್ ಮಹಾದೇವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೂ ಅವನ ಹಾಗೆ ಕೊಪ್ಪಳದ ಕಡೆಯವಳು.

"ಅಯ್ಯ ಅಕ್ಕಾರ, ನಮ್ ಕಡೆ ಜೋಡಿ ಅಂದ್ರ ಸಂಗಾಟ! ನಿಮ್ ಸಂಗಡ ನಡಕೊಂಡು ಬರ್ಲೇನು ಅಂತ ಕೇಳ್ಯಾನ, ಅಷ್ಟ!"

ಕೃಪಾಳ ಸಿಟ್ಟು ಇಳಿಯಿತು, ಮುಖ ಮಾತ್ರ ಕೆಂಪಾಗಿಯೇ ಉಳಿಯಿತು. "ಬನ್ನಿ, ರಸ್ತೆಯೇನು ನಮ್ಮಪ್ಪಂದಾ?" ಎಂದು ಬಿರಬಿರನೆ ನಡೆದಳು. ಹಾಗೆ ನೋಡಿದರೆ ಆ ರಸ್ತೆಯ ಒಂದು ತುಂಡು ಹಿಂದೊಮ್ಮೆ ಅವಳಪ್ಪ ರಾಮಾಂಜಿನಪ್ಪನ ರಾಗಿ ಹೊಲವೇ ಆಗಿತ್ತು.

ಪೀಣ್ಯದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ರಸ್ತೆಯೆಲ್ಲ ಅಗೆದಿದ್ದರಿಂದ ಬಸ್ಸಿಗಿಂತ ನಡೆದವರೇ ಮೊದಲು ಮನೆ ಸೇರುತ್ತಿದ್ದರು. ಆ ದೂಳು ನೆನಪಾದರೆ ಇವತ್ತಿಗೂ ಕೃಪಾಳಿಗೆ ಕೆಮ್ಮಲ್ಲ, ನಗು ಬರುತ್ತದೆ.

ಅವಳಿಗೆ ನಡಿಗೆಯೇ ಬೇಕಿತ್ತು. ಸ್ಯಾಂಪಲ್ ರೂಮಿನಲ್ಲಿ ಕುರ್ತಾಗಳಿಗೆ ಕಸೂತಿ ಡಿಸೈನ್ ಬರೆಯುವವಳು ಅವಳು. ಕೂತರೆ ತಲೆ ಕಲ್ಲು. ನಡೆದರೆ ಒಂದೊಂದೇ ಗೆರೆ ಹೊಳೆಯುತ್ತಿತ್ತು.

ಹೀಗೆ ದಿನಾ ಇಬ್ಬರೂ ಜೊತೆಗೆ ನಡೆಯುತ್ತಿದ್ದಾಗ, ಒಂದು ಸಂಜೆ ಉಕ್ಕು ಕಡೆಯುವ ಲೇತ್ ಶಾಪಿನ ಹೊರಗೆ ಬಿದ್ದಿದ್ದ ಉಕ್ಕಿನ ಸುರುಳಿಗಳು ಬಿಸಿಲಿಗೆ ನೀಲಿಯಾಗಿ ಮಿಂಚಿದವು. ಕೃಪಾ ಮಾತು ನಿಲ್ಲಿಸಿದಳು. ಈಶಪ್ಪ ಲಾರಿಗಳು ಬರುವ ಬದಿಗೆ ತಾನು ಸರಿದು, ಅವಳನ್ನು ಒಳಬದಿಗೆ ಬಿಟ್ಟುಕೊಂಡು ನಡೆದ. ದಾಸರಹಳ್ಳಿ ತಿರುವಿನಲ್ಲಿ ಅವಳು ಚಪ್ಪಾಳೆ ತಟ್ಟಿದಳು.

"ಸಿಕ್ತು! ಕತ್ತಿನ ಸುತ್ತ ಆ ಸುರುಳೀನೇ ಬರ್ಬೇಕು."

"ಯಾರ ಕತ್ತಿನ ಸುತ್ತರೀ?"

"ಕುರ್ತಾದ್ದು ಕಣ್ರೀ!"

ಅವನು ನಕ್ಕ. ಕೆನ್ನೆಯ ಮೇಲಿದ್ದ ಗ್ರೀಸಿನ ಗೆರೆಯೂ ನಕ್ಕಿತು. ಒರೆಸಬೇಕು ಅನ್ನಿಸಿ, ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಹಾಗೇ ತನ್ನ ಮನೆಯ ದಾರಿಗೆ ತಿರುಗಿದಳು.

ಕಂಬದ ಮೇಲೆ ಹಳಿ ಬಂತು, ಕೊನೆಗೆ ರೈಲೂ ಬಂತು. ರೈಲು ಶುರುವಾದ ವಾರವೇ ಹೆಸರಘಟ್ಟದಿಂದ ಗಂಡಿನ ಕಡೆಯವರು ಬಂದು ಹೋದರು. "ಇವತ್ತು ಊಟದೊಳಗೆ ಒಂದು ಮಾತು ಹೇಳ್ಬಿಡು, ಕಾಯ್ಸಿದ್ದು ಸಾಕು" ಎಂದಳು ಅಮ್ಮ ವಸಂತಮ್ಮ. ಈಶಪ್ಪ ಬಾಯಿ ಬಿಟ್ಟಿದ್ದರೆ ಕೃಪಾಳಿಗೆ ಯೋಚಿಸುವುದೇ ಇರಲಿಲ್ಲ. ಆ ಮಹಾರಾಯ ಬಿಡಬೇಕಲ್ಲ!

ಆ ಸಂಜೆ ದಾರಿಯಲ್ಲಿ ಅವಳೇ ಗಂಡಿನ ವಿಷಯ ಹೇಳಿದಳು. ಅವನು ದಾಸರಹಳ್ಳಿವರೆಗೂ ತುಟಿ ಬಿಚ್ಚಲಿಲ್ಲ. ತಿರುವಿನಲ್ಲಿ ನಿಂತು, "ನಾಳಿಂದ ನೀವು ಟ್ರೇನಿನ್ಯಾಗ ಹೋಗ್ರಿ. ಕಾಲು ನೋಯೂದಿಲ್ಲ" ಎಂದ.

ಕೃಪಾಳಿಗೆ ರೇಗಿತು. "ನನ್ ಕಾಲಿನ ಚಿಂತೆ ನಿಮಗ್ಯಾಕೆ? ನೀವೇ ಹೋಗಿ ಟ್ರೇನಲ್ಲಿ. ನಿಮ್ ರೂಮು ಇನ್ನೂ ಮುಂದೆ ತಾನೇ ಇರೋದು?"

"ಇಲ್ರಿ. ಫ್ಯಾಕ್ಟರಿ ಹಿಂದ ಐತ್ರಿ."

"ಯಾವ ಫ್ಯಾಕ್ಟರಿ?"

"ನಮ್ದ."

ಕೃಪಾ ಕಣ್ಣರಳಿಸಿದಳು. "ಅಂದ್ರೆ ದಿನಾ ನನ್ನ ಬಿಟ್ಟು, ಅಷ್ಟು ದೂರ ವಾಪಸ್ ನಡೀತಿದ್ರಾ? ಹುಚ್ಚಾ ನಿಮ್ಗೆ?"

ಈಶಪ್ಪ ನೆಲ ನೋಡಿದ. "ನಡದ್ರ ಹೊಳೀತೈತಿ ಅಂತ ನೀವ ಅಂದಿದ್ರಿ. ನಿಮಗೊಂದು ಮಾತು ಹೇಳಬೇಕಿತ್ತು. ಈ ಕಡೆ ಬರಬೇಕಾದ್ರ ಏನೂ ಹೊಳೀತಿರಲಿಲ್ರಿ, ನಿಮ್ಮ ಗೆಜ್ಜಿ ಸಪ್ಪಳಾನ ಕೇಳ್ತಿತ್ತು. ವಾಪಸ್ ಹೋಗಬೇಕಾದ್ರ ಎಲ್ಲಾ ಹೊಳೀತಿತ್ತು. ಅಷ್ಟ್ರಾಗ ನೀವು ಮನಿ ಸೇರಿರ್ತಿದ್ರಿ."

ತಲೆಯ ಮೇಲೆ ರೈಲು ಹಾದುಹೋಯಿತು. ಸದ್ದು ಅಡಗಿದ ಮೇಲೆ ಕೃಪಾ ಮನೆಯ ದಾರಿಗೆ ಬೆನ್ನು ಹಾಕಿದಳು.

"ನಡೀರಿ."

"ಎಲ್ಲಿಗ್ರೀ?"

"ಪೀಣ್ಯಕ್ಕೆ. ನಿಮಗೆ ಹೊಳೆಯೋ ಕಡೆಗೆ."

ಜಾಲಹಳ್ಳಿ ಕ್ರಾಸ್ ಮುಟ್ಟುವ ಮೊದಲೇ ಅವನಿಗೆ ಮಾತು ಬಂತು. "ಹೆಸರಘಟ್ಟ ಬ್ಯಾಡ್ರಿ. ನನ್ನ ಮದುವಿ ಆಗ್ರಿ."

"ಇಷ್ಟು ಹೇಳೋಕೆ ಇಷ್ಟು ವರ್ಷ ಚಪ್ಪಲಿ ಸವೆಸಿದ್ರಾ?" ಎಂದು ಬೈಯುತ್ತಲೇ ಕೃಪಾ ಕಣ್ಣೊರೆಸಿಕೊಂಡಳು. ಮೊದಲ ಸಲ ಅವನ ಕೈ ಹಿಡಿದು ತಿರುಗಿಸಿದಳು. "ಈಗ ಮನೆಗೆ ಬನ್ನಿ. ಇದನ್ನೇ ನಮ್ಮಮ್ಮನ ಮುಂದೆ ಹೇಳಿ."

"ಮತ್ತ ಆ ಕಡೆ ನಡದ್ರ ಮರತು ಹೋಗ್ತೈತ್ರಿ."

"ಮರೆತ್ರೆ ನಾನು ಹೇಳ್ಕೊಡ್ತೀನಿ, ನಡೀರಿ."