ತೊಂಬತ್ತು ವರ್ಷದ ತೊಲೆ

ಸುಗಟೂರಿನ ಕೋದಂಡರಾಮಪ್ಪನವರಿಗೆ, ಹಬ್ಬದೂಟಕ್ಕೆ ಅಳಿಯ ಬಂದಾಗಲೆಲ್ಲ ನೆಂಚಿಕೊಳ್ಳಲು ಒಂದೇ ಮಾತು.

"ಏನ್ ಅಳಿಯಂದ್ರೇ, ನೀವು ನಿಂತು ಕಟ್ಸಿದ ಸ್ಕೂಲು ಮೂರೇ ಮಳೆಗೆ ಮಲ್ಕೊಂಡ್ಬಿಡ್ತಂತೆ? ಈ ತೊಲೆ ನೋಡಿ. ನಮ್ ತಾತ ಏರ್ಸಿದ್ದು. ತೊಂಬತ್ತು ವರ್ಷ ಆಯ್ತು, ಒಂದು ನೂಲಿನಷ್ಟೂ ಬಗ್ಗಿಲ್ಲ."

ಎಲೆ ಮುಂದೆ ಕೂತವರೆಲ್ಲ ನಗುತ್ತಿದ್ದರು. ಅಳಿಯನ ಹೆಂಡತಿ ಭಾರತಮ್ಮನೂ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಮಾಲೂರಿನಲ್ಲಿ ಓವರ್‌ಸಿಯರ್ ಆಗಿದ್ದ ಸುಬ್ಬರಾಯಪ್ಪ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಹೀಗೆ ಏಳು ವರ್ಷ ಕಲಸಿದ. 1979ರ ಯುಗಾದಿಯಂದು, ಮಾವನನ್ನು ಆ ತೊಲೆಯಿಂದಲೇ ಕೊಲ್ಲಬೇಕೆಂದು ನಿರ್ಧರಿಸಿದ.

ಯಾವ ಸಾಮಾನು ಎಷ್ಟು ವರ್ಷ ಬಾಳುತ್ತದೆಂದು ಅವನಿಗೆ ಗೊತ್ತಿತ್ತು; ಬಾಳಿಕೆ ಕಡಿಮೆ ಮಾಡುವುದು ಇನ್ನೂ ಚೆನ್ನಾಗಿ ಗೊತ್ತಿತ್ತು. ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಶ್ರೀನಿವಾಸಪುರಕ್ಕೆ ಮದುವೆಗೆ ಹೊರಟಾಗ, ಹೊಟ್ಟೆನೋವೆಂದು ಅವನೊಬ್ಬ ಮಾವನ ಮನೆಯಲ್ಲೇ ಉಳಿದ. ಗರಗಸವಾದರೆ ಗುರುತು ಬಿಡುತ್ತದೆ. ಉಳಿ ಹಿಡಿದು, ಮಾವನ ಮಂಚದ ಮೇಲೆ ಹಾಯ್ದಿದ್ದ ತೊಲೆಯ ತುದಿಯನ್ನು, ಗೋಡೆಗೆ ಸೇರುವಲ್ಲಿ, ಗೆದ್ದಲು ತಿಂದಂತೆಯೇ ಎಳೆಎಳೆಯಾಗಿ ಕೊರೆದ. ತನ್ನ ಹಿತ್ತಲಿನ ಹುತ್ತವನ್ನು ಹುಳುಗಳ ಸಮೇತ ಬಿಸ್ಕತ್ತಿನ ಡಬ್ಬಿಯಲ್ಲಿ ತಂದಿದ್ದ. ನೀರು ಚಿಮುಕಿಸಿ ಪೊಳ್ಳಿಗೆ ಮೆತ್ತಿದ. ಮೇಲೆ ಸುಣ್ಣ ಬಳಿದ. ಮರದ ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದ. ಮಾಳಿಗೆಯ ಮೇಲಿನ ಮಣ್ಣು ಮೊದಲ ದೊಡ್ಡ ಮಳೆಗೆ ನೆನೆದು ಭಾರವಾದರೆ ಸಾಕು, ಉಳಿದದ್ದು ಮಳೆಯ ಕೆಲಸ.

ಜೂನ್ ಹನ್ನೊಂದರ ಮಧ್ಯಾಹ್ನ ಮಳೆ ಸುರಿಯಿತು. ಮುದುಕ ಉಂಡು ಮಲಗಿದ್ದ. ಸುಬ್ಬರಾಯಪ್ಪ ಮಾಲೂರಿನ ಕಚೇರಿಯಲ್ಲಿ ನಾಲ್ಕು ಜನರ ನಡುವೆ ಬೋಂಡ ತಿನ್ನುತ್ತಿದ್ದ. ಸುದ್ದಿ ಬಂದಾಗ ಎದೆ ಬಡಿದುಕೊಂಡು ಅತ್ತ. ಮಾವ ತಕ್ಷಣ ಸಾಯಲಿಲ್ಲವಂತೆ, ಮಣ್ಣಿನಡಿ ಒಂದು ಗಂಟೆ ಕೂಗುತ್ತಲೇ ಇದ್ದರಂತೆ. ಸುಗಟೂರು ಬರುವವರೆಗೂ ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕಿದ.

ಸಬ್‌ಇನ್‌ಸ್ಪೆಕ್ಟರ್ ಅವನನ್ನೇ ಕೇಳಿದರು. "ನೀವು ತಿಳಿದೋರು. ಏನಾಗಿರ್ಬೋದು?"

"ಗೆದ್ಲು ಸಾರ್. ತೊಲೆ ಬದಲಾಯ್ಸಿ ಅಂತ ಎಷ್ಟ್ ಸಲ ಹೇಳಿದ್ದೆ. ಕೇಳ್ಲಿಲ್ಲ."

ಸಬ್‌ಇನ್‌ಸ್ಪೆಕ್ಟರ್ ಹಾಗೆಯೇ ಬರೆದುಕೊಂಡರು.

ಊರಿನ ಬಡಗಿ ಚನ್ನರಾಯಪ್ಪ ಮುರಿದ ತುದಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಪೊಳ್ಳಿನಿಂದ ಒಂದು ಚಿಟಿಕೆ ಮಣ್ಣು ಕೆರೆದು ಅಂಗೈಯಲ್ಲಿಟ್ಟುಕೊಂಡ. ಕುಂಕುಮದ ಹಾಗೆ ಕೆಂಪಗಿತ್ತು. ಸುತ್ತ ಕುಸಿದ ಗೋಡೆ, ಮಾಳಿಗೆ, ಅಂಗಳ, ಎಲ್ಲವೂ ಕೆರೆಯ ಕಪ್ಪು ಮಣ್ಣು. "ಸ್ವಾಮೀ, ಗೆದ್ಲು ತನ್ನ ಕಾಲಡಿ ಮಣ್ಣಲ್ಲೇ ಗೂಡು ಕಟ್ಟೋದು. ಈ ಕೆಂಪು ಮಣ್ಣು ನಮ್ಮೂರಲ್ಲೇ ಇಲ್ಲ. ಇದು ಇಟ್ಟಿಗೆ ಸುಡೋ ಮಣ್ಣು, ಮಾಲೂರ್ ಕಡೇದು," ಅಂದ. ಅಳುತ್ತಿದ್ದ ಭಾರತಮ್ಮ ತಲೆಯೆತ್ತಿ ಗಂಡನನ್ನು ನೋಡಿದಳು.