ಡಾಕ್ಟರ ಹೆಂಡತಿಗೆ ಕೋಪ ಬಂದಿದೆ

ಇಂಗ್ಲಿಷ್ ಕ್ಲಾಸಿನ ಮೊದಲ ಸಂಜೆಯೇ ಪುಟ್ಟಿ ತಡವಾಗಿ ಹೋದಳು. ಔಷಧಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಎಲ್ಲರೂ ಜೋಡಿ ಜೋಡಿಯಾಗಿ ಕೂತು ಮಾತಾಡುತ್ತಿದ್ದರು. ಕಿಟಕಿಯ ಪಕ್ಕ ಒಬ್ಬನೇ ಇದ್ದವನು ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಸರಿಸಿಕೊಟ್ಟು, ತಾನು ಒಂದು ಕಾಲು ಗಿಡ್ಡವಿದ್ದ ಕುರ್ಚಿಯ ಮೇಲೆ ಹುಷಾರಾಗಿ ಕೂತ.

"ಐ ಆ್ಯಮ್ ಹಾರ್ಟ್ ಡಾಕ್ಟರ್," ಎಂದ. "ಐ ಹ್ಯಾವ್ ಒನ್ ವೈಫ್. ಟೂ ಡಾಟರ್ಸ್."

ಕೇಳುವ ಮೊದಲೇ ಸಂಸಾರವನ್ನೆಲ್ಲ ಒಪ್ಪಿಸಿಬಿಟ್ಟನಲ್ಲ ಎಂದು ಪುಟ್ಟಿಗೆ ನಗು ಬಂತು. ಆಮೇಲೆ ಅವನ ಕೈ ಕಣ್ಣಿಗೆ ಬಿತ್ತು. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಗ್ರೀಸು. ಪಾಪ, ಬರುವ ದಾರಿಯಲ್ಲಿ ಕಾರು ಕೆಟ್ಟಿರಬೇಕು ಅಂದುಕೊಂಡಳು.

ಅವಳ ಸರದಿ ಬಂತು. ಇದ್ದಬದ್ದ ಇಂಗ್ಲಿಷನ್ನೆಲ್ಲ ಗುಡ್ಡೆ ಹಾಕಿಕೊಂಡು ಹೇಳಿದಳು: "ಐ ವರ್ಕ್ ಕನ್ನಡಕ ಶಾಪ್. ಬ್ಯಾಕ್ ರೂಮ್. ನೋ ಮ್ಯಾರೇಜ್. ಮಿ ಆ್ಯಂಡ್ ಚಿಕ್ಕಮ್ಮ, ಒನ್ ಹೌಸ್."

"ವೆರಿ ಗುಡ್ ಐಡಿಯಾ," ಎಂದ ಅವನು, ಮನಸಾರೆ ಮೆಚ್ಚಿಕೊಂಡು.

ಮದುವೆಯಾಗದಿರುವುದು ಒಳ್ಳೆಯ ಐಡಿಯಾವೇ? ಒಂದು ಹೆಂಡತಿ, ಎರಡು ಮಕ್ಕಳು ಇರುವವನು ಹೀಗೆನ್ನಬೇಕಾದರೆ ಮನೆಯಲ್ಲಿ ಏನೋ ಸರಿಯಿಲ್ಲ.

ನಿಜಸಂಗತಿ ಬೇರೆಯೇ ಇತ್ತು. ಕ್ಲಾಸಿನ ಮೇಡಂ ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೂತು ಕೂದಲು ಹಣ್ಣಾದವರು. ಸಂಕೋಚದ ಜನಕ್ಕೆ ತಮ್ಮ ಬಗ್ಗೆ ಮಾತಾಡಲು ಬಾಯಿ ಬರುವುದಿಲ್ಲ, ಇನ್ನೊಬ್ಬರ ಬಗ್ಗೆಯಾದರೆ ತಡೆಯೇ ಇರುವುದಿಲ್ಲ ಎಂಬುದು ಅವರು ಕಂಡುಕೊಂಡ ಸತ್ಯ. ಅದಕ್ಕೇ ಮೊದಲ ದಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ಹೊಸ ಬದುಕನ್ನು ಉಸುರಿ ಒಳಗೆ ಬಿಡುತ್ತಿದ್ದರು. ಕ್ಷೌರಿಕನಿಗೆ ಪೈಲಟ್, ಇಸ್ತ್ರಿ ಅಂಗಡಿಯಾಕೆಗೆ ನ್ಯಾಯಾಧೀಶೆ. ಅಂದಿನಿಂದ ಪ್ರತಿ ಸಂಜೆ, ಬೀದಿಗೆ ಇಳಿಯುವವರೆಗೆ ಪಾತ್ರ ಬಿಡುವಂತಿಲ್ಲ, ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ.

ತಡವಾಗಿ ಬಂದ ಪುಟ್ಟಿಯ ಕಿವಿಯಲ್ಲಿ ಯಾರೂ ಏನೂ ಹೇಳಲಿಲ್ಲ. ಕನ್ನಡಕದಂಗಡಿಯ ಹುಡುಗಿಯ ಪಾತ್ರವನ್ನು ತಾವೇ ಹಂಚಿ ಮರೆತಿರಬೇಕು ಎಂದು ಮೇಡಂ ಸುಮ್ಮನಾದರು.

ಮನೆಯಲ್ಲಿ ಚಿಕ್ಕಮ್ಮ ಕಾಯುತ್ತಿದ್ದಳು. ಮೂವತ್ತು ಹತ್ತಿರ ಬಂದ ಅಕ್ಕನ ಮಗಳು ಅವಳ ಬಾಯಲ್ಲಿ ಇನ್ನೂ ಪುಟ್ಟಿಯೇ.

"ಎಂಥಾ ದೊಡ್ಡ ಜನ ಬರ್ತಾರೆ ಗೊತ್ತಾ ಚಿಕ್ಕಮ್ಮ. ಡಾಕ್ಟರು, ಪೈಲಟ್ಟು, ಜಡ್ಜು. ಯಾರಿಗೂ ಇಂಗ್ಲಿಷ್ ಬರಲ್ಲ."

"ಪೈಲಟ್ಟಿಗೂ ಬರಲ್ವಾ? ಸರಿ, ನಾನಂತೂ ವಿಮಾನ ಹತ್ತಲ್ಲ," ಎಂದಳು ಚಿಕ್ಕಮ್ಮ. "ಅದೇನು, ಡಾಕ್ಟರ ಹೆಸರು ಬಂದಾಗ ಸೆರಗು ಸರಿ ಮಾಡ್ಕೊಂಡೆ?"

"ಅವರಿಗೆ ಮದುವೆ ಆಗಿದೆ."

"ನಾನು ಸೆರಗಿನ ವಿಷಯ ಕೇಳಿದೆ."

ಪುಟ್ಟಿ ಕ್ಲಾಸಿಗೆ ಸೇರಿದ್ದು ಕೌಂಟರಿಗಾಗಿ. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗಾಜು ಉಜ್ಜುವುದರಲ್ಲಿ ಅವಳ ವರ್ಷಗಳು ಕಳೆದಿದ್ದವು. ಇಂಗ್ಲಿಷ್ ಕಲಿತರೆ ಮುಂದೆ, ಬೆಳಕಿನಲ್ಲಿ, ಗಿರಾಕಿಗಳ ಎದುರು ಕೂರಿಸುತ್ತೇನೆ ಎಂದಿದ್ದರು ಯಜಮಾನರು. ಆದರೆ ವಾರಗಳು ಕಳೆದಂತೆ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುತ್ತಿದ್ದುದು ಕೌಂಟರಿಗಾಗಿ ಅಲ್ಲ ಎಂದು ಅವಳಿಗೇ ಗೊತ್ತಾಗತೊಡಗಿತು. ಮೇಲೆ ಡಾಕ್ಟರು ಪ್ರತಿ ಸಂಜೆ ಕುರ್ಚಿ ಸರಿಸಿಕೊಟ್ಟು, "ಹ್ಯಾಪಿ ಟು ಸೀ ಯೂ," ಎನ್ನುತ್ತಿದ್ದ.

ಮಾತಾಡಲು ವಾರಕ್ಕೊಂದು ವಿಷಯ. ಸಂಸ್ಕೃತಿಯ ವಾರ, ಮನೆಗೆ ಅತಿಥಿ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ.

"ಮೈ ವೈಫ್ ಈಸ್ ಆ್ಯಂಗ್ರಿ," ಎಂದ ಡಾಕ್ಟರು. ಅವನಿಗೆ ಚೆನ್ನಾಗಿ ಬರುತ್ತಿದ್ದ ಇನ್ನೊಂದು ವಾಕ್ಯ ಅದು. ಎಲ್ಲ ಪ್ರಶ್ನೆಗೂ ಅದನ್ನೇ ಎತ್ತಿಕೊಳ್ಳುತ್ತಿದ್ದ.

"ವೈ ಆ್ಯಂಗ್ರಿ?"

"ಎವ್ರಿ ಡೇ ಆ್ಯಂಗ್ರಿ. ಗೆಸ್ಟ್ ಕಮ್, ಆ್ಯಂಗ್ರಿ. ಗೆಸ್ಟ್ ಗೋ, ಆ್ಯಂಗ್ರಿ."

"ಯೂ ಗಿವ್ ಫ್ಲವರ್," ಎಂದು ಪುಟ್ಟಿ ಬುದ್ಧಿ ಹೇಳಿದಳು.

ಅವನು ತಲೆ ಅಡ್ಡಡ್ಡ ಆಡಿಸಿದ. "ಫ್ಲವರ್ ಕಮ್, ಸ್ನೀಝಿಂಗ್."

ಹೂವಿಗೂ ಸೀನುವ ಆ ಹೆಂಗಸಿನ ಮೇಲೆ ಪುಟ್ಟಿಗೆ ಸಣ್ಣಗೆ ಸಿಟ್ಟು ಬಂತು. ಸಿಟ್ಟು ಬಂದಿದ್ದಕ್ಕೆ ನಾಚಿಕೆಯಾಗಿ, ಶಿಕ್ಷಣದ ವಾರ ಅವನ ಹೆಣ್ಣುಮಕ್ಕಳಿಗೆಂದು ಬಣ್ಣದ ಪೆನ್ಸಿಲಿನ ಎರಡು ಡಬ್ಬಿ ಒಯ್ದಳು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಪಾತ್ರದೊಳಗೆ ಇಷ್ಟು ಆಳಕ್ಕೆ ಇಳಿಯುವವರನ್ನು ತಾನು ಕಂಡೇ ಇಲ್ಲ ಎಂಬಂತೆ ಅವಳನ್ನು ನೋಡಿದ. ಕಡ್ಡಿ ಸಡಿಲವಾಗಿದ್ದ ಅವನ ಕನ್ನಡಕ ಮೂಗಿನ ಮೇಲೆ ಜಾರಿತು. ಪುಟ್ಟಿ ಮಾತಿಲ್ಲದೆ ಅದನ್ನು ತೆಗೆದುಕೊಂಡು, ಚೀಲದಲ್ಲಿದ್ದ ಸಣ್ಣ ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿ, ಗಾಜನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ಕನ್ನಡಕವಿಲ್ಲದ ಅವನ ಕಣ್ಣು ಬರಿಗಾಲಿನಂತೆ ಕಂಡಿತು. ಆ ಕಣ್ಣು ಅವಳ ಮುಖ ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ, ಆದರೂ ಬೇರೆ ಕಡೆ ತಿರುಗಲಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮನ ಕಾಟ ಶುರುವಾಯಿತು. ಡಾಕ್ಟರ ಪರಿಚಯವಿದ್ದೂ ತನ್ನ ಎದೆಯುರಿ ಹೋಗದಿದ್ದರೆ ಏನು ಬಂತು ಎಂದು. ಕೊನೆಗೆ ಪುಟ್ಟಿ ಕೇಳಿಯೇಬಿಟ್ಟಳು. "ಚಿಕ್ಕಮ್ಮ ಹಾರ್ಟ್, ಫೈರ್."

ಡಾಕ್ಟರು ಕ್ಷಣ ತಬ್ಬಿಬ್ಬಾದ. ಆಮೇಲೆ ಗಂಟಲು ಸರಿ ಮಾಡಿಕೊಂಡು, "ನೋ ಆಯಿಲ್. ಈವ್ನಿಂಗ್ ವಾಕಿಂಗ್. ಸ್ಮಾಲ್ ಡಿನ್ನರ್," ಎಂದ. ಅದು ಅವನ ತಾಯಿ ಎಲ್ಲರಿಗೂ ಹೇಳುತ್ತಿದ್ದ ಮಾತು. ಚಿಕ್ಕಮ್ಮ ಚಾಚೂ ತಪ್ಪದೆ ಪಾಲಿಸಿದಳು, ಎದೆಯುರಿ ಹೋಯಿತು. ಇಂಥ ಡಾಕ್ಟರು ಊರಲ್ಲೇ ಇಲ್ಲ ಎಂದು ಅಕ್ಕಪಕ್ಕದವರಿಗೆಲ್ಲ ಸಾರಿ ಬಂದಳು.

ತಂತ್ರಜ್ಞಾನದ ವಾರ ಮೇಡಂ ಕೇಳಿದರು, ಯಾವ ಹೊಸ ಮೆಷಿನ್ ಬೇಕು ನಿಮಗೆ?

ಪೈಲಟ್ಟು ತಾನೇ ಗುಡಿಸಿಕೊಳ್ಳುವ ಅಂಗಡಿ ಬೇಕೆಂದ. ಪುಟ್ಟಿ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು:

"ಒನ್ ಮೆಷಿನ್. ಫಾರ್ಗೆಟಿಂಗ್ ಒನ್ ಮ್ಯಾನ್. ಹೀ ಈಸ್ ಗುಡ್. ಬಟ್ ನಾಟ್ ಫಾರ್ ಮಿ."

ಇಸ್ತ್ರಿ ಅಂಗಡಿಯಾಕೆ ಮೂಗು ಒರೆಸಿಕೊಂಡಳು. ಡಾಕ್ಟರು ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಯೊಂದನ್ನು ಮಾತ್ರ ಪುಟ್ಟಿಗೆ ತಾಳಲಾಗಲಿಲ್ಲ.

ಮನೆಗೆ ಬಂದು, "ಇನ್ನು ಕ್ಲಾಸಿಗೆ ಹೋಗಲ್ಲ," ಎಂದಳು.

"ಕೌಂಟರು?"

"ಬೇಡ."

"ಗಾಜು ಉಜ್ಜಿಕೊಂಡೇ ಇರ್ತೀಯಾ?"

"ಇರ್ತೀನಿ. ಕತ್ತಲಲ್ಲಿ ಯಾರ ಮುಖಾನೂ ಕಾಣಿಸಲ್ಲ."

ಚಿಕ್ಕಮ್ಮ ಅವಳನ್ನೇ ದಿಟ್ಟಿಸಿದಳು. ಎಲ್ಲವೂ ಅರ್ಥವಾದ ಮೇಲೆ ಬಯ್ಯಲಿಲ್ಲ. ಅನ್ನದ ತಟ್ಟೆ ಮುಂದಿಟ್ಟು, "ನಾಳೆ ಹೋಗಿ ಮೇಡಂಗೆ ಹೇಳಿ ಬಾ. ಹೇಳದೇ ಬಿಡೋದು ಮರ್ಯಾದೆಯಲ್ಲ. ನಾನೂ ಬರ್ತೀನಿ, ಡಾಕ್ಟರಿಗೆ ಮಂಡಿ ತೋರಿಸ್ಬೇಕು," ಎಂದಳು.

ಮಾರನೆಯ ಸಂಜೆ ಚಿಕ್ಕಮ್ಮ ಏದುಸಿರು ಬಿಡುತ್ತ ಮೇಲೆ ಹತ್ತಿ, ನೇರವಾಗಿ ಕಿಟಕಿಯ ಪಕ್ಕ ಹೋಗಿ ಕೂತಳು.

"ನೀವೇ ಅಲ್ವಾ ಡಾಕ್ಟರು? ಎದೆಯುರಿ ಪೂರ್ತಿ ಹೋಯ್ತು. ಈಗ ಈ ಮಂಡಿ ಸ್ವಲ್ಪ ನೋಡಿ. ಬಗ್ಗಿಸಿದ್ರೆ ಕಟಕ್ ಅನ್ನುತ್ತೆ."

ಅವನು ಮೇಡಂ ಕಡೆ ನೋಡಿದ. ಆಮೇಲೆ ನಿಯಮ ಮುರಿದ.

"ಅಮ್ಮಾ, ನಾನು ಡಾಕ್ಟರಲ್ಲ. ಲಿಫ್ಟ್ ರಿಪೇರಿ ಮಾಡ್ತೀನಿ. ಕಟಕ್ ಅಂದ್ರೆ ಎಣ್ಣೆ ಬಿಡೋದು ಬಿಟ್ಟು ನನಗೆ ಬೇರೆ ಗೊತ್ತಿಲ್ಲ."

"ಮತ್ತೆ ಹೆಂಡ್ತಿ, ಎರಡು ಹೆಣ್ಣುಮಕ್ಕಳು?"

"ಮೇಡಂ ಕೊಟ್ಟಿದ್ದು."

"ಇಂಗ್ಲಿಷ್ ಕ್ಲಾಸಲ್ಲಿ ಅದನ್ನೂ ಕೊಡ್ತಾರಾ?"

ಕ್ಷೌರಿಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಮೇಡಂ ಓಡಿಬಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಪುಟ್ಟಿ ಬಾಗಿಲಲ್ಲೇ ನಿಂತಿದ್ದಳು. ಅವನು ನಿಧಾನವಾಗಿ ಅವಳ ಕಡೆ ತಿರುಗಿದ.

"ನಿಮ್ಮದು? ಕನ್ನಡಕದಂಗಡಿ, ಚಿಕ್ಕಮ್ಮ?"

"ಚಿಕ್ಕಮ್ಮ ನಿಮ್ಮ ಎದುರಿಗೇ ಕೂತಿದ್ದಾರಲ್ಲ," ಎಂದಳು ಪುಟ್ಟಿ. "ನಾನು ಹೇಳಿದ್ದೆಲ್ಲ ನಿಜ."

"ಎಲ್ಲಾನೂ?"

ಎಲ್ಲ ಎಂದರೆ ಏನೇನು ಎಂದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಪುಟ್ಟಿ ದಡದಡ ಮೆಟ್ಟಿಲು ಇಳಿದುಬಿಟ್ಟಳು.

ಅವನು ಔಷಧಿ ಅಂಗಡಿಯ ಪಕ್ಕದ ಬಸ್ ಸ್ಟಾಪಿನ ಹತ್ತಿರ ಅವಳನ್ನು ಹಿಡಿದ. ಹಿಡಿದ ಎಂದರೆ, ಮುಂದೆ ಬಂದು ನಿಂತ.

"ಯಾರನ್ನ ಮರೀಬೇಕಿತ್ತು?"

"ಮದುವೆಯಾದ ಒಬ್ಬರು ಡಾಕ್ಟರನ್ನ."

"ಅವರು ಈಗ ತಾನೇ ಹೋಗ್ಬಿಟ್ರು."

"ಅಯ್ಯೋ ಪಾಪ. ಹೆಂಡ್ತಿ?"

"ಕೋಪ ಮಾಡ್ಕೊಂಡು ಅವಳೂ ಹೋದಳು."

ಪುಟ್ಟಿ ತುಟಿ ಕಚ್ಚಿಕೊಂಡು ನಗು ತಡೆದಳು. ಅವನು ನಗಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ಮತ್ತೆ ತೆಗೆದ.

"ನನ್ನ ವಿಷಯ ಮಾತಾಡೋಕೆ ನನಗೆ ಬರಲ್ಲ. ಯಾವ ಭಾಷೇಲೂ ಬರಲ್ಲ. ಡಾಕ್ಟರಾಗಿದ್ದಾಗ ಏನೇನೋ ಹೇಳ್ತಿದ್ದೆ. ಅದರಲ್ಲಿ ನಿಜ ಅಂತ ಇದ್ದಿದ್ದು ಒಂದೇ. ಪ್ರತಿ ಸಂಜೆ ನಿಮಗೆ ಹ್ಯಾಪಿ ಟು ಸೀ ಯೂ ಅಂತಿದ್ದೆನಲ್ಲ, ಅದು ಮೇಡಂ ಹೇಳ್ಕೊಟ್ಟಿದ್ದಲ್ಲ."

"ಅದನ್ನ ನಮ್ಮ ಮಾತಲ್ಲಿ ಹೇಳಿ."

ಅವನು ಹಣೆ ಒರೆಸಿಕೊಂಡ. "ನಿಮ್ಮನ್ನ ನೋಡಿದ್ರೆ ಖುಷಿ ಆಗುತ್ತೆ. ನೋಡದಿದ್ದ ದಿನ ಕೆಲಸಕ್ಕೆ ಕೈ ಹೋಗಲ್ಲ. ನನ್ನ ಮದುವೆ ಆಗ್ತೀರಾ?"

"ಬರಲ್ಲ ಬರಲ್ಲ ಅಂದು ಎಷ್ಟು ದೂರ ಹೋಗ್ಬಿಟ್ರಿ," ಎಂದಳು ಪುಟ್ಟಿ. "ನಾನು ಕ್ಲಾಸು ಬಿಡಲ್ಲ, ಕೌಂಟರು ನನಗೆ ಬೇಕು. ಚಿಕ್ಕಮ್ಮ ನನ್ನ ಜೊತೆಗೇ ಇರ್ತಾರೆ."

"ಇರಲಿ."

"ಅವರು ತುಂಬಾ ಮಾತಾಡ್ತಾರೆ."

"ನಮ್ಮಿಬ್ಬರದನ್ನೂ ಸೇರಿಸಿ ಅವರೇ ಆಡಲಿ."

"ಹಾಗಾದ್ರೆ ಆಗ್ತೀನಿ," ಎಂದಳು, ಅವನ ಅಂಗಿಯ ಗುಂಡಿಗೆ ಹೇಳುವಂತೆ.

ಅವನ ಹಿಂದೆಯೇ ಇಳಿದು ಬಂದು, ಅಷ್ಟು ಹೊತ್ತು ಔಷಧಿ ಅಂಗಡಿಯ ಗಾಜಿನಲ್ಲಿ ಕೆಮ್ಮಿನ ಔಷಧಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದ ಚಿಕ್ಕಮ್ಮ ಇವರನ್ನು ದಾಟಿಕೊಂಡು ಮುಂದೆ ನಡೆದಳು.

"ನಾನು ಹೋಗ್ತಿರ್ತೀನಿ. ನೀವು ಮೆಲ್ಲಗೆ ಬನ್ನಿ, ಅವಸರ ಇಲ್ಲ," ಎಂದಳು ಹಿಂತಿರುಗಿ ನೋಡದೆ. ಮಂಡಿ ನೋವಿನವಳು ಅಷ್ಟು ಬಿರುಸಾಗಿ ನಡೆದದ್ದನ್ನು ಪುಟ್ಟಿ ಎಂದೂ ಕಂಡಿರಲಿಲ್ಲ.

ಅವನ ಬಸ್ಸು ಬಂದು ನಿಂತಿತು. ದಿನವೂ ಅದೇ ಹೊತ್ತಿಗೆ ಹತ್ತುವವನೆಂದು ಗುರುತು ಹಿಡಿದ ಡ್ರೈವರು ಬಾಗಿಲು ತೆರೆದು ಕಾದ. ಅವನು ಕೈಯಾಡಿಸಿ, ಹೋಗಿ ಎಂದ. ಡ್ರೈವರು ಪುಟ್ಟಿಯ ಮುಖ ನೋಡಿದ, ಅವನ ಮುಖ ನೋಡಿದ, ಹಾರನ್ನು ಒಮ್ಮೆ ಮೆತ್ತಗೆ ಒತ್ತಿ ಬಸ್ಸು ಬಿಟ್ಟ.